ನಮ್ಮಪ್ಪ ತೊಳೆದ ಕಾಲು

ತೊರಪಲ್ಲಿ ಅಗ್ರಹಾರ
ಭಾನುವಾರ, 14-7-2024

ಸುಷ್ಮಳ ಅಪ್ಪನವರಿಗೆ, ಮುನಿರತ್ನ ಮಾಡುವ ನಮಸ್ಕಾರ.

ನಾನು ಕ್ಷೇಮ ಎಂದು ಬರೆಯುವುದಿಲ್ಲ. ನೀವು ಕ್ಷೇಮವೇ ಎಂದು ಕೇಳುವುದೂ ಇಲ್ಲ. ಕೇಳಿದರೆ ನೀವು ‘ಫಸ್ಟ್ ಕ್ಲಾಸ್’ ಎನ್ನುತ್ತೀರಿ. ಫೋನಿನಲ್ಲಿ ಕಾಲಿನ ಮಾತೆತ್ತಿದರೆ ಸಾಕು, ಡ್ಯೂಟಿ ಇದೆ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ನಿಮ್ಮ ಮಗಳು ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಮೂಕಂಡಪಲ್ಲಿಯಲ್ಲಿ ಇಳಿದು ನಿಮ್ಮ ಕೈಗೇ ಕೊಡುತ್ತಾಳೆ. ಓದಿ ಮುಗಿಸುವವರೆಗೂ ಎದುರಿಗೇ ನಿಂತಿರು ಎಂದು ಹೇಳಿ ಕಳಿಸಿದ್ದೇನೆ.

ನೀವು ಮನೆ ಬಿಟ್ಟು ಹೋಗಿ ನಾಲ್ಕು ತಿಂಗಳಾಯಿತು. ಊರಿನವರು ಕೇಳಿದರೆ ಕೆಲಸ ಸಿಕ್ಕಿದೆ, ಅಲ್ಲೇ ರೂಮು ಮಾಡಿದ್ದಾರೆ ಎನ್ನುತ್ತೇನೆ. ಸುಳ್ಳೇನಲ್ಲ. ಆದರೆ ನೆಟ್ಟಗೆ ಕಾಲೂರಲಾಗದವರು ಗೇಟಿನಲ್ಲಿ ದಿನವಿಡೀ ನಿಂತು, ಬಂದುಹೋಗುವ ಕಾರುಗಳಿಗೆ ಸೆಲ್ಯೂಟ್ ಹೊಡೆಯುವ ಕೆಲಸ ಹಿಡಿದಿದ್ದಾರೆ ಎಂದು ಯಾವ ಬಾಯಲ್ಲಿ ಹೇಳಲಿ?

ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಲಿನ ಪಿಂಚಣಿಗೆ ಹಾಕಿದ ಎರಡನೆಯ ಮೇಲ್ಮನವಿಗೆ ಉತ್ತರ ಬಂದಿದೆ. ಮುಂದಿನ ತಿಂಗಳು ಮತ್ತೆ ಡಾಕ್ಟರುಗಳ ಬೋರ್ಡು ಕೂರುತ್ತದೆ, ನೀವು ಮತ್ತೆ ಅವರೆದುರು ನಡೆದು ತೋರಿಸಬೇಕು. ನಿಮ್ಮ ಜೊತೆ ಸೈನ್ಯದಲ್ಲಿದ್ದ ರಾಮಚಂದ್ರಪ್ಪಣ್ಣ ಆಲಸನತ್ತಂನಿಂದ ಬಂದು ಓದಿ ಹೇಳಿದರು. ತಮ್ಮ ಪಿಂಚಣಿ ಕೆಲಸ ಮುಗಿದ ಮೇಲೂ ಬೇರೆ ಸೈನಿಕರ ಕಾಗದ ಹಿಡಿದು ಓಡಾಡುವ ಪುಣ್ಯಾತ್ಮ ಅವರು. ಈ ಸಲವೂ ತಪ್ಪಿದರೆ ಇನ್ನು ವಕೀಲರು, ಕೋರ್ಟು. ಅದು ನಮ್ಮ ಕೈಲಿ ಆಗುವ ಮಾತಲ್ಲ ಎಂದರು. ನೀವು ಅವರ ಮುಖ ನೋಡಿ ಸಹಿಯೇನೋ ಹಾಕಿದಿರಿ. ಆದರೆ ‘ನಾನು ಬರಲ್ಲ’ ಎಂದು ಅವರ ಮುಂದೆಯೇ ಹೇಳಿದಿರಂತೆ.

ಮೊದಲ ಸಲ ಬೋರ್ಡಿನವರು ಬರೆದ ಸಾಲು ನನಗೆ ಬಾಯಿಪಾಠವಾಗಿದೆ. ಈ ಕಾಲಿನ ರೋಗ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಹೊಲಗೆಲಸ ಮಾಡಿದ್ದರಿಂದ ಬಂದಿರಬಹುದು. ಇದನ್ನು ಬರೆದ ಪುಣ್ಯಾತ್ಮ ನಮ್ಮ ಸೀಮೆಯ ಒಂದು ಹೊಲವನ್ನಾದರೂ ಕಂಡಿದ್ದಾನೆಯೇ? ನಿಮ್ಮ ಅಮ್ಮ ಈ ವಯಸ್ಸಿನಲ್ಲೂ ರಾಗಿ ಹೊಲಕ್ಕೆ ಬರಿಗಾಲಲ್ಲೇ ಹೋಗಿ ಬರುತ್ತಾರೆ. ಬರಿಗಾಲಿಗೇ ಈ ರೋಗ ಬರುವುದಾದರೆ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಒಬ್ಬರೂ ನಡೆಯುತ್ತಿರಲಿಲ್ಲ. ನಿಮ್ಮನ್ನು ಸೇರಿಸಿಕೊಳ್ಳುವಾಗ ಓಡಿಸಿ, ಎದೆ ಅಳೆದು, ಪಾದ ತಿರುಗಿಸಿ ನೋಡಿ ಆರಿಸಿಕೊಂಡವರು ಅವರೇ ಅಲ್ಲವೇ? ಆಗ ಕಾಣದಿದ್ದ ಚಿಕ್ಕಂದಿನ ರೋಗ ಈಗ ಕೊಡುವ ಹೊತ್ತಿಗೆ ಕಾಣಿಸಿತು.

ನಿಮ್ಮ ಕಾಲು ಹೇಗಿತ್ತು ಎಂದು ನಮ್ಮಪ್ಪನನ್ನು ಕೇಳಬೇಕಿತ್ತು. ಮದುವೆಯಲ್ಲಿ ಹಿತ್ತಾಳೆ ತಟ್ಟೆಯಲ್ಲಿ ಕಾಲಿಡಿಸಿ ತೊಳೆದವರು ಅವರು. ಅಮ್ಮ ನೀರು ಹುಯ್ಯುತ್ತಿದ್ದರು. ಶಾಸ್ತ್ರದ ಮಧ್ಯದಲ್ಲೇ ಅಪ್ಪ, ‘ಅಳಿಮಯ್ನ ಕಾಲು ನೋಡಮ್ಮಿ, ಕಲ್ಗಂಬ ಇದ್ದಂಗವೆ, ನಿನ್ ಮಗ್ಳು ಹಿಂದೆ ಓಡ್ಬೇಕಾಯ್ತದೆ’ ಎಂದು ಎಲ್ಲರನ್ನೂ ನಗಿಸಿದ್ದರು. ಆಮೇಲೆ ನೀವು ಹಿಮದ ಪೋಸ್ಟಿಗೆ ಹೋದಿರಿ. ಬಿರುಗಾಳಿಗೆ ದಾರಿ ಮುಚ್ಚಿ, ಒದ್ದೆ ಕಾಲುಚೀಲದಲ್ಲೇ ದಿನಗಟ್ಟಲೆ ಕಾವಲು ನಿಂತಿರಿ. ಮೊದಲ ದೀಪಾವಳಿಗೆ ರಜೆ ಸಿಗದೆ ಎರಡನೆಯದಕ್ಕೆ ನಮ್ಮ ತವರಿಗೆ ಬಂದಿರಿ. ಅಳಿಯನಿಗೆ ಎಣ್ಣೆಸ್ನಾನ ಮಾಡಿಸಬೇಕೆಂದು ಅಪ್ಪನೇ ಹಂಡೆಯ ನೀರು ಮೊಗೆದು ನಿಮ್ಮ ಕಾಲಿನ ಮೇಲೆ ಹುಯ್ದರು. ತಣ್ಣೀರು ಬೆರೆಸಲು ಮರೆತಿದ್ದರು. ಕೈಗೆ ಸಿಡಿದ ನೀರಿಗೆ ಅಪ್ಪ ಅಯ್ಯೋ ಎಂದು ಕೈ ಕೊಡವಿಕೊಂಡರು. ನೀವು ಕಾಲು ಎಳೆದುಕೊಳ್ಳಲೇ ಇಲ್ಲ. ಮಾತಾಡುತ್ತಾ ಕೂತೇ ಇದ್ದಿರಿ, ಪಾದ ಕೆಂಪಗೆ ಬೊಬ್ಬೆ ಏಳುವುದನ್ನು ನಾವೆಲ್ಲ ನೋಡಿದೆವು. ಅಪ್ಪ ಹಿತ್ತಲಿಗೆ ಹೋಗಿ ಅತ್ತರು, ಅದು ನಿಮಗೆ ಗೊತ್ತಿಲ್ಲ. ಇಷ್ಟನ್ನೂ ನೋಡಿದ ಮುದುಕ ತೀರಿಕೊಂಡರು, ಯಾವ ಬೋರ್ಡೂ ಅವರನ್ನು ಕೇಳಲಿಲ್ಲ.

ಇದು ಬೋರ್ಡಿನವರ ಮೇಲಿನ ಸಿಟ್ಟು. ಇನ್ನು ನಿಮ್ಮ ಮೇಲಿನದು.

ಹೋದ ಸಲ ಬೋರ್ಡಿಗೆ ಹೊರಡುವಾಗ ರಬ್ಬರ್ ಚಪ್ಪಲಿ ಹಾಕಿಕೊಂಡು ಬನ್ನಿ, ಮನೆಯಲ್ಲಿ ಹೇಗೆ ನಡೆಯುತ್ತೀರೋ ಹಾಗೇ ನಡೆಯಿರಿ ಎಂದು ಕೈ ಮುಗಿದೆ. ನೀವು ಹಳೆಯ ಕರಿ ಶೂ ತೆಗೆದು, ಹತ್ತಿ ಒದ್ದೆ ಮಾಡಿ ಉಜ್ಜಿ ಉಜ್ಜಿ, ಮುಖ ಕಾಣುವಂತೆ ಹೊಳಪು ಬರಿಸಿದಿರಿ. ಒಳಗೆ ನಡೆದದ್ದನ್ನು ಬಾಗಿಲಲ್ಲಿದ್ದ ರಾಮಚಂದ್ರಪ್ಪಣ್ಣ ಆಮೇಲೆ ಹೇಳಿದರು. ‘ಎದ್ರುಗೆ ಯೂನಿಫಾರಂ ಕಂಡೇಟ್ಗೆ ನೆಟ್ಗಾಗ್ಬುಟ್ಟ ಕಣಮ್ಮಾ ಮುನಿಕೃಷ್ಣ. ನಡೀರಿ ಅಂದ್ರೆ, ಕೈ ಬೀಸ್ಕಂಡು ಹಿಮ್ಡಿ ಬಡ್ಕಂಡು ಮಾರ್ಚ್ ಮಾಡ್ಬುಟ್ಟ. ಕೊನೇಗೆ ತಿರುಗಿ ಸೆಲ್ಯೂಟ್ ಬೇರೆ.’ ಒಳಗಿದ್ದವರು ಶಾಭಾಸ್ ಎಂದರಂತೆ. ಅದೇ ಶಾಭಾಸು ಕಾಗದದಲ್ಲಿ ಏನಾಗಿ ಬಂತು ಎಂದು ಕೃಷ್ಣಗಿರಿಯ ಮಾಜಿ ಸೈನಿಕರ ಆಫೀಸಿನ ಹುಡುಗಿ ನನಗೆ ತಮಿಳಿನಲ್ಲಿ ಬಿಡಿಸಿ ಹೇಳಿದಳು: ‘ನಡೈ ನಾರ್ಮಲ್‌ನು ಎಳುದಿಟ್ಟಾಂಗಮ್ಮಾ.’ ನಡಿಗೆ ಸರಿಯಾಗಿದೆಯಂತೆ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆ ದಿನ ಮನೆಗೆ ಬಂದು ಶೂ ಬಿಚ್ಚಿದಾಗ ಕಾಲುಚೀಲ ಹುಣ್ಣಿಗೆ ಅಂಟಿಕೊಂಡಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನಾನು ಬಿಡಿಸಿದೆ. ನೀರೆಲ್ಲ ಕೆಂಪಾಯಿತು. ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಿರಿ.

ತಿರಸ್ಕಾರದ ಕಾಗದ ಬಂದ ದಿನ ನಾನು ಕೂಗಾಡಿದ್ದು ನಿಜ. ನಾಲ್ಕು ಮನೆಗೆ ಕೇಳಿಸುವಂತೆಯೇ ಕೂಗಾಡಿದೆ. ನೀವು ಒಂದೇ ಮಾತು ಆಡಿದಿರಿ, ‘ಕುಂಟಿ ತೋರ್ಸಿ ತಿನ್ನಾಕೆ ನಾನೇನ್ ತಿರುಪೆಯೋನಾ?’ ಎಂದು. ಬ್ಯಾಗು ತಗೊಂಡು ಹೊರಟಿರಿ. ಬಸ್‌ಸ್ಟಾಪಿನವರೆಗೂ ಮಾರ್ಚೇ.

ಆ ಮಾತಿಗೆ ಇವತ್ತು ಉತ್ತರ ಕೊಡುತ್ತೇನೆ. ನೀವು ಮನೆಯಲ್ಲಿ ಕುಂಟುವುದು ನಿಜ, ಬೋರ್ಡಿನ ಮುಂದೆ ಆಡಿದ್ದು ನಾಟಕ. ಸೈನ್ಯಕ್ಕೆ ಸೇರಿದ ಹೊಸ ಹುಡುಗರಿಗೆ ಕವಾಯತು ಕಲಿಸಿ ಕಲಿಸಿ, ‘ನಡೆ’ ಎಂದವರ ಮುಂದೆ ಬೇರೆ ನಡಿಗೆಯೇ ನಿಮಗೆ ಬರುವುದಿಲ್ಲ. ಅವರು ಕಲಿಸಿದ ನಡಿಗೆಯನ್ನು ಅವರಿಗೇ ತೋರಿಸಿದಿರಿ, ಅವರು ಅದನ್ನೇ ಹಿಡಿದು ನಿಮಗೇನೂ ಆಗಿಲ್ಲ ಎಂದರು. ಕೆಟ್ಟದ್ದು ಯಾರ ಕಾಲು? ದುಡ್ಡು ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ, ಔಷಧಿಗೆ ಬೇಕು, ಮೆತ್ತನೆಯ ಶೂ ಮಾಡಿಸಬೇಕು. ಆದರೆ ಅದಕ್ಕಿಂತ ಮೊದಲು ‘ಇದು ಸೇವೆಯಿಂದ ಬಂದದ್ದು’ ಎಂದು ಅವರ ಕೈಯಲ್ಲೇ ಬರೆಸಬೇಕು. ನಮ್ಮ ಹೊಲದ ಮಣ್ಣಿನ ಮೇಲೆ ಹೊರಿಸಿದ ತಪ್ಪನ್ನು ಅವರೇ ಅಳಿಸಬೇಕು.

ಬೋರ್ಡಿನ ದಿನ ಬನ್ನಿ. ಚಪ್ಪಲಿಯಲ್ಲಿ ಬನ್ನಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ.

ಇಂತಿ,
ಸಿಟ್ಟು ಇಳಿಯದ, ಆದರೂ ನಿಮ್ಮವಳೇ ಆದ
ಮುನಿರತ್ನ

ಮತ್ತೊಂದು ಮಾತು. ಮರೆತದ್ದಲ್ಲ, ಹೇಳಲು ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡೆ. ನೀವಿನ್ನೂ ಮನೆಯಲ್ಲಿದ್ದಾಗ, ಬೆಳಿಗ್ಗೆ ಎದ್ದು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ಸುಷ್ಮಾ ಫೋನಿನಲ್ಲಿ ವಿಡಿಯೋ ಮಾಡಿದ್ದಾಳೆ. ಮಾಡು ಎಂದವಳು ನಾನು. ರಾಮಚಂದ್ರಪ್ಪಣ್ಣ ಅದನ್ನು ಮೇಲ್ಮನವಿಯ ಜೊತೆ ಕಳಿಸಿಯಾಗಿದೆ. ಅದರ ಕೊನೆಯಲ್ಲಿ ಮಗಳು ಎದುರಿಗಿರುವುದು ಕಂಡು ನೀವು ಗೋಡೆಯಿಂದ ಕೈ ತೆಗೆದು ಥಟ್ಟನೆ ನೆಟ್ಟಗಾಗುತ್ತೀರಿ. ಅಷ್ಟನ್ನು ಕತ್ತರಿಸಲೇ ಎಂದು ಅವಳು ಕೇಳಿದಳು. ಬೇಡ, ಅದನ್ನೂ ಅವರು ನೋಡಲಿ ಎಂದೆ. ನಿಮ್ಮನ್ನು ಕೇಳದೆ ಮಾಡಿದ್ದಕ್ಕೆ ಕ್ಷಮೆ ಬೇಡುವುದಿಲ್ಲ. ಬೈಯಬೇಕೆನಿಸಿದರೆ ಮನೆಗೆ ಬಂದು ಬೈಯಿರಿ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿದ್ದೇನೆ.