ಬಿಚ್ಚಿ ಹೊಲಿದ ಲೆಕ್ಕ

ಸೆಪ್ಟೆಂಬರ್ 12, ಬೆಳಿಗ್ಗೆ 6

ಆರು ಶರ್ಟಿಗೆ ಕಾಜಾ ಹಾಕಿ ಮುಗಿಸಿದೆ. ಮಗಳು ಇನ್ನೂ ಎದ್ದಿಲ್ಲ. ಇವತ್ತು ಸ್ಟ್ಯಾಟಿಸ್ಟಿಕ್ಸ್ ಮೊದಲ ಟೆಸ್ಟಿನ ಪೇಪರ್ ಕೊಡುತ್ತಾರೆ. ನಲವತ್ತೊಂದನೇ ವಯಸ್ಸಿಗೆ ಡಿಗ್ರಿ ಸೇರಿ ಎರಡು ತಿಂಗಳು — ಎದೆ ಹೊಡೆದುಕೊಳ್ಳುವುದು ಮಾತ್ರ ಹದಿನೆಂಟರದ್ದೇ.

ಅದೇ ದಿನ, ಸಂಜೆ

ನೂರಕ್ಕೆ ಮೂವತ್ತೊಂದು. ಪಾಸಾಗಲು ನಲವತ್ತು ಬೇಕು. ಪೇಪರನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿ ಬ್ಯಾಗಿನ ತಳಕ್ಕೆ ತುರುಕಿದ್ದೆ. ಮಗಳ ಕೈಗೆ ಸಿಕ್ಕೇಬಿಟ್ಟಿತು.

“ಏನಮ್ಮಾ ಇದು? ಸ್ಕೂಲಲ್ಲಿ ನನಗೆ ಐವತ್ತು ಬಂದಿದ್ದಕ್ಕೇ ನೀನು ಅಷ್ಟು ರಂಪ ಮಾಡಿದ್ದೆ!”

“ನಗಬೇಡ ಕಣೇ.”

“ನಗ್ತಿಲ್ಲ... ಕಾಲೇಜು ಬಿಟ್ಟುಬಿಡ್ತೀಯಾ?”

ಮಶೀನಿನ ಮುಂದೆ ಕೂತೆ. ಮೂರು ಸಲ ದಾರ ಕಡಿಯಿತು.

ಸೆಪ್ಟೆಂಬರ್ 16

ಮೂರು ದಿನ ಕಾಲೇಜಿಗೆ ಚಕ್ಕರ್. ಹೊಲಿಗೆ ಜಾಸ್ತಿ ಇದೆ ಎಂದೆ ಮಗಳಿಗೆ — ಸುಳ್ಳು. ಇವತ್ತು ಹೋದೆ. ನೇರ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ರೂಮಿಗೆ. ನನಗಿಂತ ಹತ್ತು ವರ್ಷ ಚಿಕ್ಕವರು.

“ಸೂತ್ರ ಎಲ್ಲಾ ಸರಿಯಾಗೇ ಬರ್ದಿದ್ದೀರಿ. ಅರ್ಥ ಆಗಿಲ್ಲ, ಅಷ್ಟೇ. ಕ್ಲಾಸಲ್ಲಿ ಯಾಕೆ ಕೇಳ್ಲಿಲ್ಲ?”

“ನಾಚಿಕೆ ಸರ್. ಅಷ್ಟು ಚಿಕ್ಕ ಮಕ್ಕಳ ಮಧ್ಯೆ...”

“ಸರಿ, ಸರಾಸರಿ ಅಂದ್ರೇನು? ನಿಮ್ಮ ಕೆಲಸದಲ್ಲೇ ಹೇಳಿ.”

“ಸರಾಸರಿ ಅಳತೆಗೆ ಹೊಲಿದ್ರೆ ಶರ್ಟು ಯಾರಿಗೂ ಕೂರಲ್ಲ ಸರ್. ಯಾರು ಎಷ್ಟು ದಪ್ಪ, ಯಾರು ಎಷ್ಟು ಸಣ್ಣ, ಅದನ್ನ ನೋಡ್ಬೇಕು.”

ಪೆನ್ನು ಕೆಳಗಿಟ್ಟರು. “ಆ ಹೆಚ್ಚುಕಮ್ಮಿ ಅಳೆಯೋದೇ ಈ ಪಾಠ. ನಾಳೆ ಮೊದಲನೇ ಬೆಂಚಲ್ಲಿ ಕೂತ್ಕೊಳ್ಳಿ.”

ಸೆಪ್ಟೆಂಬರ್ 17

ಕೂತೆ. ಐದು ಪ್ರಶ್ನೆ ಕೇಳಿದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆರನೆಯದನ್ನೂ ಕೇಳಿದೆ.

ಅಕ್ಟೋಬರ್ 25

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಐದರಿಂದ ಏಳರವರೆಗೆ ಲೆಕ್ಕ. ಆಮೇಲೆ ಕಾಲೇಜು. ಸಂಜೆ ಹೊಲಿಗೆ. ನಿನ್ನೆ ಒಬ್ಬರ ಪ್ಯಾಂಟಿಗೆ ಎರಡೂ ಎಡಗಾಲೇ ಕತ್ತರಿಸಿದ್ದೆ! ಹೊಲಿದದ್ದನ್ನು ಬಿಚ್ಚಿ, ಹೊಸ ಬಟ್ಟೆ ತಂದು ಮತ್ತೆ ಹೊಲಿದೆ. ಲೆಕ್ಕವೂ ಹಾಗೇ — ತಪ್ಪಿದ್ದನ್ನು ಬಿಚ್ಚು, ಮತ್ತೆ ಹೊಲಿ.

ನವೆಂಬರ್ 8, ಮಧ್ಯಾಹ್ನ 1, ಲೈಬ್ರರಿ

ಎರಡನೇ ಟೆಸ್ಟ್ — ಐವತ್ತೆಂಟು. ಕುಣಿದಾಡುವಂಥದ್ದೇನಲ್ಲ. ಆದರೆ ಒಂದೊಂದು ಅಂಕವೂ ನಾಚಿಕೆ ಬಿಟ್ಟು ಸಂಪಾದಿಸಿದ್ದು. ಎರಡು ಲೆಕ್ಕ ಈಗಲೂ ಕೈಕೊಟ್ಟಿವೆ. ಅವನ್ನು ಬಿಡುವವಳಲ್ಲ.

ಕ್ಲಾಸಿನ ಹುಡುಗಿಯೊಬ್ಬಳು ಬಂದು ಎದುರಿಗೇ ನಿಂತಿದ್ದಾಳೆ. ಅತ್ತು ಕಣ್ಣು ಕೆಂಪಾಗಿದೆ.

“ಆಂಟೀ, ನಂದು ಇಪ್ಪತ್ತಾರು. ಈ ನಾಲ್ಕನೇ ಲೆಕ್ಕ ನಿಮಗೆ ಬಂತಾ?”

“ಇಲ್ಲ ಕಣಮ್ಮ, ನನ್ನನ್ನೂ ಅದೇ ಕೆಡವಿದ್ದು. ಕೂತ್ಕೋ, ಇಬ್ಬರೂ ಸೇರಿ ನೋಡೋಣ.”

ಕುರ್ಚಿ ಎಳೆದುಕೊಂಡಳು. ಅವಳ ಬಳಿ ಪೆನ್ನಿಲ್ಲವಂತೆ. ನನ್ನ ಹತ್ತಿರ ಇರುವುದೂ ಇದೊಂದೇ, ಹಾಗಾಗಿ ಇಲ್ಲಿಗೇ ನಿಲ್ಲಿಸಿ ಇದನ್ನು ಅವಳಿಗೆ —