ಪಾವಟಿಗೆ ಇಲ್ಲದ ಬಾಗಿಲು

ನನ್ನ ಹಾಸ್ಟೆಲ್ ಕೋಣೆಯ ಗೆಳತಿ ನೀಲಾ,

ನಾವಿಬ್ಬರೂ ಈ ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಸೇರಿದ ದಿನ ನೆನಪಿದೆಯೇ? ಸೊರಟೂರಿನಂಥ ಹಳ್ಳಿಯ ನಾನು ಬಾಯಿ ತೆರೆದುಕೊಂಡು ಕಲ್ಲಿನ ಕಮಾನು, ಪ್ರಯೋಗಾಲಯ, ಗ್ರಂಥಾಲಯದ ಎತ್ತರದ ಕಂಬಗಳನ್ನು ನೋಡುತ್ತಿದ್ದೆ. ಪೋಲಿಯೋ ಕಾಲಿನ ನೀನು ನೋಡುತ್ತಿದ್ದದ್ದು ಬರೀ ಪಾವಟಿಗೆಗಳನ್ನು, ಬಾಗಿಲು ಬಾಗಿಲಿಗೂ ಇದ್ದ ಆ ಮೆಟ್ಟಿಲುಗಳನ್ನು. "ಲೇ ಸರೋಜಾ, ಇದನ್ನ ಕಟ್ಟಿದವ್ರ ಮನ್ಯಾಗ ಯಾರಿಗೂ ಕಾಲ ನೋಯ್ತಿರಲಿಲ್ಲೇನ?" ಅಂದೆ. ನಾನು ನಕ್ಕುಬಿಟ್ಟೆ, ನೀನೂ ನಕ್ಕೆ.

ತರಗತಿಗೆ ನೀನು ಹೇಗೋ ಗೋಡೆ ಹಿಡಿದು ಹತ್ತುತ್ತಿದ್ದೆ. ಗ್ರಂಥಾಲಯದ ಪಾವಟಿಗೆ ಮಾತ್ರ ನಿನ್ನಿಂದ ಆಗಲೇ ಇಲ್ಲ. ಯಾರಾದರೂ ಎತ್ತಿಕೊಂಡು ಹೋಗುತ್ತೇವೆಂದರೆ ಸಿಟ್ಟು ನೆತ್ತಿಗೇರುತ್ತಿತ್ತು: "ನಾ ಏನ್ ಜೋಳದ ಚೀಲೇನ?" ಕಾಳಿನ ವ್ಯಾಪಾರಿಯ ಮಗಳಲ್ಲವೇ! ಇಡೀ ಕ್ಯಾಂಪಸ್ಸಿನಲ್ಲಿ ನೆಲಕ್ಕೆ ಸಮನಾದ ಬಾಗಿಲು ಇದ್ದದ್ದು ಚರ್ಚಿಗೆ ಮಾತ್ರ. ನಾನು ಪುಸ್ತಕ ತಂದುಕೊಡುವುದು, ನೀನು ಅಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಓದುವುದು. ಮೊದಮೊದಲು ಫಾದರ್‌ಗೆ ಖುಷಿಯೋ ಖುಷಿ. "ತಂಗಿ, ಬೈಬಲ್ ಕೊಡ್ಲೇನವಾ?" "ಬ್ಯಾಡ್ರಿ ಫಾದರ್, ನಾಳಿಗೆ ಅಕೌಂಟೆನ್ಸಿ ಪರೀಕ್ಷಾ ಐತ್ರಿ." ಆಮೇಲೆ ಅವರು ಕೇಳುವುದನ್ನೇ ಬಿಟ್ಟರು.

ನಿಮ್ಮಪ್ಪ ಲಕ್ಷ್ಮೇಶ್ವರದಿಂದ ಧಾವಿಸಿ ಬಂದ ದಿನವನ್ನು ನಾನು ಮರೆತಿಲ್ಲ. ಮಗಳು ಕಿರಸ್ತಾನಳಾದಳೆಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಊರ ಬಾಯಿಗೆ ಮುಚ್ಚಳ ಹಾಕುವವರಾರು? ಚರ್ಚಿನ ಬಾಗಿಲಲ್ಲೇ ನಿಂತು ಗುಡುಗಿದರು: "ಓದಿದ್ದು ಸಾಕು, ಗಂಟು ಕಟ್ಟು. ದಿನಾ ಇಲ್ಲಿ ಬಂದು ಕುಂಡ್ರತೀಯಂತ, ಖರೇನೋ ಸುಳ್ಳೋ?"

"ಖರೆ ಅಪ್ಪಾ. ಇದೊಂದಕ್ಕ ಪಾವಟಿಗಿ ಇಲ್ಲ."

ಅವರು ಹೊರಗೆ ಹೋಗಿ ಗ್ರಂಥಾಲಯದ ಮುಂದೆ ಬಹಳ ಹೊತ್ತು ನಿಂತು ನೋಡಿದರು. ತಿರುಗಿ ಬಂದು, "ಫ್ಯಾನಿನ ಕೆಳಗ ಕುಂಡ್ರು, ಝಳ ಭಾಳ ಐತಿ" ಎಂದವರೇ ಬಸ್ಸಿಗೆ ಹೊರಟರು. ನೀನು ಪುಸ್ತಕದಲ್ಲಿ ಮುಖ ಹುದುಗಿಸಿ ಅತ್ತೆ.

ಓದು ಮುಗಿದ ಮೇಲೆ ನನಗೆ ಅದೇ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಾಗ ನೀನು ಕಳಿಸಿದ ಮಾತು: "ನನಗ ಪುಸ್ತಕ ತಂದುಕೊಟ್ಟ ಪುಣ್ಯಾ ಲೇ ಅದು." ಆ ಪುಣ್ಯ ನಿನ್ನನ್ನೇಕೆ ಉಳಿಸಲಿಲ್ಲ? ಕಾಮಾಲೆ ಎಂದರು, ಹುಬ್ಬಳ್ಳಿಗೆ ಒಯ್ದರು ಎಂದರು, ಅಷ್ಟರಲ್ಲಿ... ಬಿಡು. ನೀನು ಆ ಗ್ರಂಥಾಲಯದ ಒಳಗನ್ನು ಒಮ್ಮೆಯೂ ನೋಡದೆ ಪದವಿ ಪಡೆದೆ, ಹಾಗೆಯೇ ಹೋಗಿಯೂ ಬಿಟ್ಟೆ. ನನಗದು ಇಂದಿಗೂ ಸಂಕಟ.

ಆಮೇಲೆ ಇಲ್ಲಿ ಹೊಸ ಗ್ರಂಥಾಲಯ ಕಟ್ಟುವುದೆಂದಾಯಿತು. ನಕ್ಷೆ ಬಂದಾಗ ನೋಡಿದೆ: ಮುಂದೆ ಮತ್ತದೇ ಪಾವಟಿಗೆಗಳ ಸಾಲು, ಇಳಿಜಾರು ದಾರಿ ಹಿತ್ತಲಲ್ಲಿ, ಜನರೇಟರ್ ಪಕ್ಕ. ಸಭೆಯಲ್ಲಿ ತುಟಿ ಬಿಚ್ಚದ ನಾನು ಅಂದು ಎದ್ದು ನಿಂತು, ಇಳಿಜಾರು ಮುಂದೆಯೇ ಬೇಕೆಂದೆ. "ಮುಂದ ಮಾಡಿದ್ರ ಅಂದ ಕೆಡತೈತ್ರಿ ಮೇಡಂ" ಎಂದರು ಎಂಜಿನಿಯರ್. "ಹಿತ್ತಲ ಬಾಗಲಾ ಸಾಮಾನಿಗೆ ಇಟ್ಕೋರಿ. ಮನಷ್ಯಾರು ಮುಂದಿಂದ ಬರ್ತಾರ" ಎಂದೆ. ತಿಂಗಳುಗಟ್ಟಲೆ ಜಗಳವಾಡಿದೆ ನೀಲಾ. ನನ್ನನ್ನು ಕಂಡರೆ ಜನ ದಾರಿ ಬದಲಿಸುವಷ್ಟು! ಕೊನೆಗೆ ಗೆದ್ದೆ. ಈಗ ಮುಂಬಾಗಿಲಿಗೆ ಪಾವಟಿಗೆಯೇ ಇಲ್ಲ. ಕುಲಪತಿಗಳೂ ಇಳಿಜಾರಿನಲ್ಲೇ ಬರಬೇಕು.

ಮೊನ್ನೆ ಅದರ ಬಾಗಿಲು ತೆರೆಯಿತು. ನಿಮ್ಮಪ್ಪನಿಗೆ ಹೇಳಿಕಳಿಸಿದ್ದೆ. ಬರುತ್ತಾರೆಂದು ಯಾರಿಗೆ ಗೊತ್ತಿತ್ತು? ಕೋಲೂರಿಕೊಂಡು, ನನ್ನ ಕೈಯನ್ನೂ ಬೇಡವೆಂದು, ಒಬ್ಬರೇ ನಿಧಾನವಾಗಿ ಒಳಗೆ ಬಂದರು. ಕಿಟಕಿಯ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು.

"ಒಂದ್ ಪುಸ್ತಕ ಕೊಡವಾ."

"ಯಾವುದ್ರಿ ಕಾಕಾ?"

"ಯಾವದಾದ್ರೂ ಕೊಡು. ಆಕಿ ಕುಂಡ್ರಬೇಕಾಗಿತ್ತು. ನಾ ಕುಂತು ಹೋಗ್ತೀನಿ."

ಕೊಟ್ಟೆ. ಚಷ್ಮಾ ಕೂಡ ತಂದಿರಲಿಲ್ಲ ಅವರು. ಪುಸ್ತಕ ತೆರೆದಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ. ನಾನೂ ಏಳಿಸಲಿಲ್ಲ.

ನಿನ್ನ,
ಸರೋಜಾ