ಕೊಡಮೋಡದ ಕೆಳಗೆ ಎಲ್ಲರಿಗೂ ಕೇಳಿಸಿದ್ದು

ಹುಬ್ಬಳ್ಳಿ, ಫೆಬ್ರುವರಿ ೩೦, ೨೧೮೭

ಕಸ್ತೂರಜ್ಜಿ,

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಪತ್ರ ತಲುಪುವಾಗ ನೀನೂ ನನ್ನ ಹಾಗೆ ಹದಿನೆಂಟರ ಫಸ್ಟ್ ಇಯರ್ ಹುಡುಗಿ, ಅದಕ್ಕೇ 'ನೀನು' ಅನ್ನುತ್ತಿದ್ದೇನೆ. ಐದನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಕನ್ನಡ ಅರ್ಧ, ಇಂಗ್ಲಿಷ್ ಅರ್ಧ. ಮಾತು ವಿಚಿತ್ರ ಅನ್ನಿಸಿದರೆ ಅಡ್ಜಸ್ಟ್ ಮಾಡಿಕೋ.

ನಮ್ಮ ಈಗಿನ ಕಾಲೇಜು ಹಾಸ್ಟೆಲಿನಲ್ಲಿ ಪ್ರತಿಯೊಬ್ಬಳಿಗೂ ಒಬ್ಬ ಕಿವಿಗೆಳತಿ ಇರುತ್ತಾಳೆ. ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಯಂತ್ರ. ಮಲಗುವ ಮುಂಚೆ ದಿನದ ಕಷ್ಟ ಹೇಳಿಕೊಂಡರೆ ಅದು ಗೆಳತಿಯ ಕಿವಿಗೆ ಹೋಗಿ ಅಲ್ಲೇ ಉಳಿಯುತ್ತದೆ. ಕಿವಿಗೆ ಬಂದದ್ದು ಬಾಯಿಗೆ ಬರಬಾರದು ಎಂದು ಸೇರಿದ ದಿನವೇ ಇಬ್ಬರೂ ಒಂದೇ ರೊಟ್ಟಿ ಮುರಿದು ತಿಂದು ಮಾತು ಕೊಡುತ್ತೇವೆ. ನನ್ನ ಕಿವಿಗೆಳತಿ ನೀಲಗಂಗಾ. ಫಿಸಿಕ್ಸಿನಲ್ಲಿ ಫೇಲಾದದ್ದನ್ನು, ಅವ್ವನಿಗೆ ಫಸ್ಟ್ ಬಂದೆ ಎಂದು ಸುಳ್ಳು ಹೇಳಿದ್ದನ್ನು ಅವಳೊಬ್ಬಳಿಗೇ ಹೇಳಿದ್ದೆ. ಅವ್ವ ಸೋಮವಾರ ಓಣಿಗೆಲ್ಲ ಹೋಳಿಗೆ ಹಂಚುವವಳಿದ್ದಾಳೆ.

ನಿನ್ನೆ ಹೊಸಬರಿಗಾಗಿ ಸದ್ದಿಲ್ಲದ ಕುಣಿತ, ನಿಮ್ಮ ಸೈಲೆಂಟ್ ಡಿಸ್ಕೋ. ಜಾಗ ಕೊಡಮೋಡದ ಕೆಳಗೆ. ನಲ್ಲಿ ಬಂದ ದಿನ ನೀವು ಸಾಲಿನಲ್ಲಿ ಇಡುತ್ತಿದ್ದಿರಲ್ಲ ಪ್ಲಾಸ್ಟಿಕ್ ಕೊಡ, ಅಂಥ ಹನ್ನೆರಡು ಸಾವಿರ ಕೊಡಗಳನ್ನು ಒಬ್ಬ ಕಲಾವಿದೆ ಮೈದಾನದಗಲಕ್ಕೂ ತಂತಿಯಿಂದ ತೂಗುಹಾಕಿದ್ದಾಳೆ. ಬಿರುಕು, ಬೆಸೆದ ತಳ, ಗುರುತಿಗೆ ಬರೆದ ಮನೆಯ ಹೆಸರು ಎಲ್ಲ ಹಾಗೇ ಇವೆ. ಗಾಳಿ ಬೀಸಿದರೆ ಟೊಕ್ ಟೊಕ್ ಎನ್ನುತ್ತವೆ. ಕುಣಿಯುವವರಿಗೆ ಅದೂ ಕೇಳಿಸುವುದಿಲ್ಲ. ಹೆಡ್‌ಫೋನಿನಲ್ಲಿ ಕೆಂಪು, ನೀಲಿ, ಹಸಿರು ಎಂದು ಮೂರು ಚಾನೆಲ್. ಯಾರು ಯಾವುದನ್ನು ಕೇಳುತ್ತಿದ್ದಾರೆಂದು ಕಿವಿಯ ಮೇಲಿನ ದೀಪ ತೋರಿಸುತ್ತದೆ. ನೀಲಗಂಗಾ ನನ್ನದನ್ನು ನೀಲಿಗೆ ತಿರುಗಿಸಿ, "ಇದರಾಗ ಛಲೋ ಹಾಡ ಅದಾವ, ಬದಲಿಸಬ್ಯಾಡ ಹಾಂ" ಅಂದಳು. ನಾನು ಬದಲಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಸುತ್ತಲಿನ ದೀಪಗಳೆಲ್ಲ ಹಸಿರಾದವು. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ಅಂತೂ ನನ್ನನ್ನು ಸೇರಿಸಿಕೊಂಡರು ಅಂದುಕೊಂಡೆ. ನಾನೂ ನಕ್ಕೆ, ಇನ್ನೂ ಜೋರಾಗಿ ಕುಣಿದೆ. ಆಗ ನಮ್ಮ ಓಣಿಯ ಶಾಂಭವಿ, "ನೀನೂ ಕೇಳ" ಎಂದು ತನ್ನ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟಳು. ತಾಳದ ಮೇಲೆ ನನ್ನದೇ ಅಳು: "ನೀಲಾ, ಐ ಫೇಲ್ಡ್ ಯಾ. ಅವ್ವಗ ಫಸ್ಟ್ ಅಂತ ಹೇಳೇನಿ. ಹೋಳಿಗಿ ಮಾಡ್ತಾಳಂತ, ವಾಟ್ ಡು ಐ ಡೂ?" 'ಹೋಳಿಗಿ' ಬಂದಾಗಲೆಲ್ಲ ಎಂಟುನೂರು ಮಂದಿ ಒಟ್ಟಿಗೆ ಜಿಗಿಯುತ್ತಿದ್ದರು.

ನೀಲಗಂಗಾಳ ದೀಪವೂ ಹಸಿರೇ. "ಏ ರುದ್ರಿ, ಬರೇ ಮಸ್ಕಿರಿ ಅದು. ಹಾಡಿಗೆ ಎಲ್ಲಾರೂ ಒಂದೊಂದ ದನಿ ಕೊಡಬೇಕಿತ್ತು. ನಿಂದ ಭಾರಿ ಹಿಟ್ ಆತ ನೋಡ!" ಅಂದಳು. ಕ್ಷಮೆ ಕೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವಳು ಮೆಚ್ಚುಗೆಗೆ ಕಾಯುತ್ತಿದ್ದಳು.

ಅವಳ ತೊಂಬತ್ತು ದಿನಗಳ ಮಾತೂ ನನ್ನ ಕಿವಿಯ ಯಂತ್ರದಲ್ಲಿದೆ. "ಅಕಿದೂ ಹಚ್ಚ" ಎಂದು ಶಾಂಭವಿ ಹುರಿದುಂಬಿಸಿದಳು. ನಾನು ಯಾರಿಗೂ ಕೇಳಿಸಲಿಲ್ಲ. ಒಳ್ಳೆಯತನದಿಂದಲ್ಲ, ಕಿವಿಯ ಹಿಂದೆ ತಡಕಾಡಿದರೂ ಯಂತ್ರದ ಗುಂಡಿಯೇ ಸಿಗಲಿಲ್ಲ.

ಬದುಕಿರುವ ಯಾರಿಗೆ ಹೇಳಿಕೊಂಡರೂ ಅದಕ್ಕೊಂದು ತಾಳ ಕಟ್ಟಿಯಾರು ಎಂಬ ಹೆದರಿಕೆ. ಅದಕ್ಕೇ ನೂರರವತ್ತು ವರ್ಷ ಹಿಂದಿನ ನಿನಗೆ ಬರೆಯುತ್ತಿದ್ದೇನೆ. ನಿನ್ನ ರೂಮಿನಲ್ಲಿ ಯಾರಾದರೂ ಗೋಡೆಗೆ ಮುಖ ಮಾಡಿ ಏನಾದರೂ ಹೇಳಿಕೊಂಡರೆ, ಕೇಳಿ ಅಲ್ಲಿಗೇ ಬಿಟ್ಟುಬಿಡು. ಇಷ್ಟೇ ನನ್ನ ಕೋರಿಕೆ.

ಶಾಂಭವಿಯ ತಾಯಿ ದಿನಾ ಬೆಳಿಗ್ಗೆ ಎಂಟಕ್ಕೆ ನಮ್ಮನೆಗೆ ಚಹಾಕ್ಕೆ ಬರುತ್ತಾಳೆ. ಈಗ ಏಳೂವರೆ. ಅವಳಿಗಿಂತ ಮೊದಲು ಅವ್ವನಿಗೆ ಫೋನ್ ಮಾಡಿ ನಾನೇ ಹೇಳಬೇಕು. ಅವ್ವ ಬೈಯಲಿ, ಎಷ್ಟು ಬೇಕಾದರೂ ಬೈಯಲಿ. ಅದು ನನಗೊಬ್ಬಳಿಗೇ ಕೇಳಿಸುತ್ತದೆ.

ರುದ್ರಾಂಬಾ